ಹಳೆಯ ಕನ್ನಡ ಚಿತ್ರಕಥೆ ಪುಸ್ತಕಗಳ ಸಂರಕ್ಷಣೆ

ಅಮರ ಚಿತ್ರ ಕಥೆ ಎಂದೊಡನೆ ಕಾರ್ಕಳದ ಅನಂತ ಪೈ ಹಾಗೂ 1967ನೇ ಇಸವಿ ನೆನಪಾಗುತ್ತವೆ. ಆದರೆ ಆ ಸರಣಿಯ ಬೀಜ ಬಿದ್ದದ್ದು ಕನ್ನಡದಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಪ್ರತಿನಿಧಿಯಾಗಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಕಥೆಗಳ ಹತ್ತು ಕನ್ನಡ ಪುಸ್ತಕಗಳು ಹೊರಬಂದವು. ಇಂಗ್ಲಿಷಿನ 'ಕೃಷ್ಣ'ಕ್ಕೆ 11ನೇ ಸಂಖ್ಯೆ ದೊರೆತದ್ದು ಈ ಕಾರಣಕ್ಕೆ. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಕೂಡ ಕೆಲಕಾಲ ಕನ್ನಡದಲ್ಲಿ ಪ್ರಕಟವಾಗಿ, 1990ರಲ್ಲಿ ಸರಣಿಯೇ ನಿಂತುಹೋಯಿತು. ಇಂತಹ ಪ್ರತಿಯೊಂದು ಹಾಳಾದರೆ ಮತ್ತೊಂದು ಸಿಗುವುದು ದುರ್ಲಭ. ಆದ್ದರಿಂದ ಮನೆಯಲ್ಲಿರುವ ಇಪ್ಪತ್ತು ಮೂವತ್ತು ಪುಸ್ತಕಗಳ ಸಂಗ್ರಹವನ್ನೂ ಸಣ್ಣದೆಂದು ಕಡೆಗಣಿಸುವಂತಿಲ್ಲ.

ಇವುಗಳ ಕಾಗದ ಅಗ್ಗದ್ದು. ಮರದ ತಿರುಳಿನ ಲಿಗ್ನಿನ್ ಅಂಶ ಉಳಿದಿರುವುದರಿಂದ ಅದರಲ್ಲಿ ತಾನಾಗಿಯೇ ಆಮ್ಲ ಹುಟ್ಟಿ, ಹಾಳೆ ಹಳದಿಯಾಗಿ, ಕೊನೆಗೆ ಮುಟ್ಟಿದರೆ ಮುರಿಯುತ್ತದೆ. ಬಿಸಿಲು ಮತ್ತು ಶಾಖ ಈ ಕ್ರಿಯೆಯನ್ನು ತೀವ್ರಗೊಳಿಸುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಹೊಸಪೇಟೆಯಂತಹ ಊರಿನಲ್ಲಿ ತಗಡಿನ ಸೂರಿನ ಕೆಳಗಿನ ಅಟ್ಟಕ್ಕಿಂತ ಕೆಟ್ಟ ಜಾಗವಿಲ್ಲ. ನಮ್ಮಲ್ಲಿ ಹಳೆಯ ಪುಸ್ತಕದ ಟ್ರಂಕು ಸೇರುವುದು ಮಾತ್ರ ಅಲ್ಲಿಗೇ! ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಗಳ ಒಳಕೋಣೆ, ಸೋರದಿದ್ದರೆ, ಇದಕ್ಕೆ ಎಷ್ಟೋ ಮೇಲು.

ಸಂಡೂರಿನ ಸಮಸ್ಯೆ ಬೇರೆ. ಕಬ್ಬಿಣದ ಅದಿರಿನ ಕೆಂಧೂಳು ಗಡಸು ಕಣಗಳದ್ದು. ಒದ್ದೆ ಬಟ್ಟೆಯಿಂದ ಒರೆಸಿದರೆ ಕಾಗದದ ಎಳೆಗಳೊಳಗೆ ಇಳಿದು ಶಾಶ್ವತ ಕಲೆಯಾಗುತ್ತದೆ. ಒಣ ಬಟ್ಟೆಯಿಂದ ತಿಕ್ಕಿದರೆ ಮುಖಪುಟದ ಬಣ್ಣವನ್ನು ಗೀರುತ್ತದೆ. ಮೃದುವಾದ ಒಣ ಕುಂಚದಿಂದ, ಬೆನ್ನಿನ ಕಡೆಯಿಂದ ಅಂಚಿನತ್ತ, ಹಗುರವಾಗಿ ಗುಡಿಸಬೇಕು. ನದಿ, ಕಾಲುವೆ, ಭತ್ತದ ಗದ್ದೆಗಳ ಕಂಪ್ಲಿಯಲ್ಲಿ ತೇವದ್ದೇ ಚಿಂತೆ. ತೇವ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ, ಪಿನ್ನುಗಳು ತುಕ್ಕುಗಟ್ಟಿ ನಡುಹಾಳೆಯನ್ನೇ ತಿನ್ನುತ್ತವೆ.

ಪ್ರತಿ ಪುಸ್ತಕವನ್ನು ಪಾಲಿಪ್ರೊಪಿಲೀನ್ ಚೀಲದಲ್ಲಿ, ಹಿಂದೆ ಆಮ್ಲರಹಿತ ರಟ್ಟಿನ ಆಸರೆ ಕೊಟ್ಟು ಇಡುವುದು ಉತ್ತಮ. ಪಿವಿಸಿ ಹಾಳೆ ಕಾಲಕ್ರಮದಲ್ಲಿ ಅಂಟಾಗಿ ಬಣ್ಣವನ್ನು ಎಳೆದುಕೊಳ್ಳುವುದರಿಂದ ಕೂಡದು. ಸಾಮಾನ್ಯ ರಟ್ಟಿನಲ್ಲೂ ಆಮ್ಲವಿರುತ್ತದೆ. ಪುಸ್ತಕಗಳನ್ನು ನೆಟ್ಟಗೆ, ಬಾಗದಷ್ಟು ಒತ್ತಾಗಿ ನಿಲ್ಲಿಸಿ, ನೆಲ ಮತ್ತು ಗೋಡೆಗೆ ತಾಗದಂತೆ ಕಬ್ಬಿಣದ ಬೀರುವಿನಲ್ಲಿಡಬೇಕು. ಗೆದ್ದಲು ಬರುವುದೇ ಆ ದಾರಿಯಲ್ಲಿ. ರಬ್ಬರ್ ಬ್ಯಾಂಡ್ ಹಾಗೂ ಸೆಲ್ಲೋಟೇಪಿನ ಗೊಡವೆ ಬೇಡ. ಹರಿದ ಹಾಳೆ ಹರಿದಂತೆಯೇ ಇರಲಿ, ಟೇಪಿನ ಕಂದು ಕಲೆ ಮಾತ್ರ ಹೋಗದು.

ತಾಳೆಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವ ಪದ್ಧತಿಯುಂಟು. ಅದು ಗರಿಗೆ ಸರಿ, ಕಾಗದಕ್ಕೆ ಎಣ್ಣೆ ತಾಗಿಸಲೇಬಾರದು. ಬೇವಿನ ಎಲೆ ಬಳಸುವವರು ಪೂರ್ತಿ ಒಣಗಿಸಿ, ಬಟ್ಟೆಯ ಗಂಟಿನಲ್ಲಿ ಕಟ್ಟಿ, ಪುಸ್ತಕಕ್ಕೆ ತಾಗದಂತೆ ಇಡಬಹುದು. ಹಸಿ ಎಲೆ ತೇವವನ್ನೇ ತರುತ್ತದೆ. ನುಸಿಗುಳಿಗೆಯ ಆವಿ ಮನುಷ್ಯರಿಗೆ ಒಳ್ಳೆಯದಲ್ಲ.

ಹಿಂದಿನ ಓದುಗರು ಹತ್ತು ಹನ್ನೆರಡು ಸಂಚಿಕೆಗಳನ್ನು ಸೇರಿಸಿ ಹೊಲಿಸಿಟ್ಟಿದ್ದರೆ ಅದನ್ನು ಬಿಚ್ಚುವ ಆಸೆ ಬೇಡ. ಬೈಂಡಿಂಗಿನವರು ಅಂಚು ಕತ್ತರಿಸಿದ್ದರೂ ಒಳಗಿನ ಹಾಳೆಗಳನ್ನು ಇಷ್ಟು ಕಾಲ ಕಾದದ್ದು ಆ ರಟ್ಟೇ. ಮಳೆಗಾಲದ ನಂತರ ಒಂದು ಒಣದಿನ, ನೆರಳಿನಲ್ಲಿ, ಬೀರುವಿನ ಬಾಗಿಲು ತೆರೆದಿಟ್ಟು ಒಂದೊಂದೇ ಪ್ರತಿಯನ್ನು ಪರೀಕ್ಷಿಸಬೇಕು. ಹುಳು ಕಂಡ ಪ್ರತಿಯನ್ನು ಅಂದೇ ಬೇರ್ಪಡಿಸಿ ಬೇರೆ ಚೀಲದಲ್ಲಿ ಬಿಗಿಯಾಗಿ ಮುಚ್ಚಿಡತಕ್ಕದ್ದು.