ಅಜ್ಜಿಯ ಗಂಧದ ಸೋಪು, ನನ್ನ ಅಗ್ಗದ ಕ್ರೀಮು

ನಾಚಾರಂನ ನಮ್ಮ ಮನೆಯ ಬಚ್ಚಲ ಕಪಾಟಿನಲ್ಲಿ ಈಗ ಇರುವುದು ಮೂರೇ ವಸ್ತು: ಒಂದು ಸೋಪು, ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. ಮೂರೂ ಅಗ್ಗದವೇ. ಈ ಮೂರಕ್ಕೆ ಬಂದು ನಿಲ್ಲುವ ಮೊದಲು ಮುಖಕ್ಕೆ ಏನೇನು ಹಚ್ಚಿದೆ ಎಂದು ಬರೆಯಲು ಕುಳಿತಾಗ, ಈ ಕಥೆ ನನಗಿಂತ ಬಹಳ ಹಿಂದೆ ಶುರುವಾಗಿದೆ ಅನ್ನಿಸಿತು.

ಹಾಸನದಲ್ಲಿದ್ದ ನಮ್ಮಜ್ಜಿಗೆ ದಿನಬಳಕೆಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ. ಹಬ್ಬಕ್ಕೆ ಮಾತ್ರ ಮೈಸೂರು ಸ್ಯಾಂಡಲ್ ಸೋಪು. ಸೋಪು ಕರಗಿದರೂ ಅದರ ಖಾಲಿ ಪೆಟ್ಟಿಗೆ ಟ್ರಂಕಿನಲ್ಲಿ ಸೀರೆಗಳ ನಡುವೆ ಘಮಘಮಿಸುತ್ತಿತ್ತು.

ಆ ಸೋಪು ಹುಟ್ಟಿದ್ದು ಒಂದು ಯುದ್ಧದಿಂದ. ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವ ಕೆಲಸ, ಅದರ ಲಾಭ ಎರಡೂ ಅಲ್ಲಿಯವರದು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ರಫ್ತು ನಿಂತಿತು, ಮರ ಇಲ್ಲೇ ರಾಶಿಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರಾಗಿದ್ದ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಭಟ್ಟಿ ಇಳಿಸುವ ದಾರಿ ಕಂಡುಕೊಂಡರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಬಂತು. ಇಂಗ್ಲೆಂಡಿಗೆ ಹೋಗಿ ಸೋಪಿನ ತಂತ್ರಜ್ಞಾನ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದಕ್ಕೆ ಗಂಧದೆಣ್ಣೆಯ ಪರಿಮಳ ಕೂಡಿಸಿದರು. ಆನೆಯ ತಲೆ, ಸಿಂಹದ ಮೈಯ ಶರಭ ಅದರ ಗುರುತಾಯಿತು. ಅಜ್ಜಿ ಆ ಸೋಪನ್ನು ಕೊಂಡದ್ದು ಪರಿಮಳಕ್ಕೆ. ಬಣ್ಣ ಬದಲಾದೀತು ಎಂಬ ಆಸೆಯಿಂದಲ್ಲ.

ಆ ಆಸೆಯನ್ನು ಬೆಳೆಸಿ ಮಾರಿದ್ದು ಮುಂದಿನ ಕಾಲ. 1975ರಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂತು. ಮುಂದೆ ಶಾಂಪೂವಿನಂತೆ ಕ್ರೀಮೂ ಸ್ಯಾಶೆಯಲ್ಲಿ ಸಿಗತೊಡಗಿ, ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ನೇತಾಡಿತು. ಕೈಗೆಟುಕುವ ಬೆಲೆ ಒಳ್ಳೆಯದೇ. ಆದರೆ ಅದರ ಜೊತೆಗೆ ಜಾಹೀರಾತಿನ ಪಾಠವೂ ಮನೆಮನೆಗೆ ಬಂತು: ಕಪ್ಪಾದರೆ ಕೆಲಸವಿಲ್ಲ, ಮದುವೆಯಿಲ್ಲ.

ಎಂಟೆಕ್ ಮಾಡಿದ ನಾನೂ ಆ ಪಾಠವನ್ನು ನಂಬಿದ್ದೆ. ನೋಡಲು ಗಂಡಿನವರು ಬರುತ್ತಾರೆ ಎಂದಾಗ, ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ ಒಂದು ಅಗ್ಗದ ಟ್ಯೂಬು ತಂದು ಹಚ್ಚಿದೆ. ಎರಡೇ ವಾರದಲ್ಲಿ ಮುಖ ಬೆಳಗಿತು. ಬಿಟ್ಟ ಕೂಡಲೇ ಉರಿ, ಕೆಂಪು, ಮೊಡವೆ. ಮತ್ತೆ ಹಚ್ಚಿದರೆ ಶಾಂತ. ಹೀಗೇ ತಿಂಗಳುಗಳು ಕಳೆದವು. ಕೊನೆಗೆ ಚರ್ಮದ ಡಾಕ್ಟರು ಟ್ಯೂಬನ್ನು ತಿರುಗಿಸಿ ಸಣ್ಣಕ್ಷರ ಓದಿ, "ಇದರಲ್ಲಿ ಸ್ಟೀರಾಯ್ಡ್ ಇದೆಯಮ್ಮ, ಚರ್ಮ ತೆಳುವಾಗಿದೆ" ಎಂದರು. ಸಾಫ್ಟ್‌ವೇರಿನಲ್ಲಿ ಪ್ರತಿ ಸಾಲು ಪರೀಕ್ಷಿಸುವ ನಾನು ಆ ಸಾಲನ್ನು ಓದಿಯೇ ಇರಲಿಲ್ಲ. ಮುಖ ಸರಿಹೋಗಲು ವರ್ಷಕ್ಕೂ ಹೆಚ್ಚು ಬೇಕಾಯಿತು. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ಅನ್ನು ತೆಗೆದು 'ಗ್ಲೋ' ಎಂದು ಇಟ್ಟುಕೊಂಡಿತು.

ಮದುವೆಯಾಗಿ ನಾಚಾರಂಗೆ ಬಂದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಪಕ್ಕದ ಹಬ್ಸಿಗುಡಾದಲ್ಲೇ ಸಿಸಿಎಂಬಿ ಇದೆ. ಅಲ್ಲಿನ ವಿಜ್ಞಾನಿಗಳೂ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ದಕ್ಷಿಣ ಏಷ್ಯಾದವರ ಮೈಬಣ್ಣದ ವ್ಯತ್ಯಾಸದಲ್ಲಿ ಎಸ್‌ಎಲ್‌ಸಿ24ಎ5 ಎಂಬ ಜೀನಿನ ದೊಡ್ಡ ಪಾತ್ರವನ್ನು ತೋರಿಸಿತು. ನನ್ನ ಬಣ್ಣ ಅಜ್ಜಿ, ತಾತಂದಿರು ಕೊಟ್ಟದ್ದು. ಯಾವ ಟ್ಯೂಬೂ ಆ ಜೀನನ್ನು ಬದಲಿಸದು.

ಗೆಳತಿಯರೇ, ಅಗ್ಗದ ವಸ್ತು ಕೊಳ್ಳಬೇಡಿ ಎನ್ನುತ್ತಿಲ್ಲ. ನನ್ನ ಕಪಾಟಿನಲ್ಲಿರುವುದೂ ಅವೇ. ಕೊಳ್ಳುವ ಮುನ್ನ ಹಿಂಬದಿ ಓದಿ. ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಕ್ರೀಮು ಬಿಟ್ಟ ಕೂಡಲೇ ಮುಖ ಉರಿದರೆ ಡಾಕ್ಟರಿಗೆ ತೋರಿಸಿ.

ಯುಗಾದಿಯ ಎಣ್ಣೆಸ್ನಾನಕ್ಕೆ ಗಂಧದ ಸೋಪಿನ ಪೆಟ್ಟಿಗೆ ಬಿಚ್ಚಿದಾಗ ಮಗಳು ಕೇಳಿದಳು: "ಅಮ್ಮಾ, ಇದು ಹಚ್ಚಿದ್ರೆ ನಾನು ಬೆಳ್ಳಗಾಗ್ತೀನಾ?"

"ಇಲ್ಲ ಪುಟ್ಟಾ, ಘಮಘಮ ಅಂತೀಯ" ಅಂದೆ. ಖಾಲಿ ಪೆಟ್ಟಿಗೆ ಈಗ ಅವಳ ಬಟ್ಟೆಗಳ ನಡುವೆ ಇದೆ.