ಸಂಬಳ ಯಾರ ಸೊತ್ತು?

ಪೂರ್ವದವರು ಕುಟುಂಬಕ್ಕಾಗಿ ಬದುಕುತ್ತಾರೆ, ಪಶ್ಚಿಮದವರು ತಮಗಾಗಿ ಬದುಕುತ್ತಾರೆ ಎಂಬ ಮಾತು ಬಳಸಿ ಬಳಸಿ ಸವೆದಿದೆ. ಪೂರ್ತಿ ಸುಳ್ಳೇನೂ ಅಲ್ಲ. ಆದರೆ ದುಡಿದ ಹಣ ಯಾರಿಗೆ ಸೇರಬೇಕು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಎರಡೂ ಕಡೆಯ ಇತಿಹಾಸವನ್ನು ನೋಡಿದರೆ, ಈ ಗೆರೆ ಅಷ್ಟು ನೇರವಾಗಿಲ್ಲ.

ಭಾರತದ ಮಟ್ಟಿಗೆ ಈ ಪ್ರಶ್ನೆಯ ಒಂದು ಬೇರು ಕನ್ನಡ ನೆಲದಲ್ಲೇ ಇದೆ. ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು ಎಂಬುದು ಅವನ ನಿಲುವು. ಬಂಗಾಳದ ಜೀಮೂತವಾಹನ ಇದನ್ನು ಒಪ್ಪಲಿಲ್ಲ. ಅವನ ‘ದಾಯಭಾಗ’ದ ಪ್ರಕಾರ ತಂದೆ ಬದುಕಿರುವ ತನಕ ಆಸ್ತಿ ತಂದೆಯದೇ. ಒಂದೇ ದೇಶದಲ್ಲಿ, ಒಂದೇ ಧರ್ಮಶಾಸ್ತ್ರದ ಹೆಸರಿನಲ್ಲಿ ಎರಡು ಬಗೆಯ ಕುಟುಂಬಗಳು!

ವಿದ್ಯೆಯಿಂದ ಗಳಿಸಿದ್ದರ ಮಾತೇನು? ಅದರಲ್ಲಿ ದಾಯಾದಿಗಳಿಗೆ ಪಾಲು ಕೊಡಬೇಕಿಲ್ಲ ಎಂದು ಸ್ಮೃತಿ ಹೇಳುತ್ತದೆ. ವಿಜ್ಞಾನೇಶ್ವರ ಅದಕ್ಕೊಂದು ಕರಾರು ಹಾಕಿದ: ಆ ವಿದ್ಯೆ ಮನೆಯ ಆಸ್ತಿಗೆ ಖರ್ಚು ತಂದಿರಬಾರದು.

ಹೊಲವೇ ಬದುಕಾಗಿದ್ದಾಗ ಈ ಕರಾರು ಅಷ್ಟಾಗಿ ಚುಚ್ಚಿರಲಾರದು. ಇಂಗ್ಲಿಷ್ ಶಾಲೆಗಳು ಬಂದಮೇಲೆ ಚುಚ್ಚತೊಡಗಿತು. ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಧಾರವಾಡಕ್ಕೋ ಮದರಾಸಿಗೋ ಓದಲು ಕಳಿಸಿ, ಉಳಿದ ಮೂವರು ನೇಗಿಲು ಹಿಡಿದರೆನ್ನಿ. ಓದಿದವನು ವಕೀಲನಾದ. ಅವನ ಗಳಿಕೆ ಅವನೊಬ್ಬನದೇ, ಅಥವಾ ಅವನ ಫೀಸಿಗೆ ಬೆವರು ಸುರಿಸಿದ ಮೂವರದೂ ಹೌದೇ? ಊರಲ್ಲೇ ಉಳಿದವರ ವಾದದಲ್ಲಿ ನ್ಯಾಯವಿರಲಿಲ್ಲ ಎನ್ನುವಂತಿಲ್ಲ. ಸಾಮಾನ್ಯ ಓದು ಬೇರೆ, ವೃತ್ತಿಗೆಂದು ಪಡೆದ ವಿಶೇಷ ಶಿಕ್ಷಣ ಬೇರೆ ಎಂದು ನ್ಯಾಯಾಲಯಗಳು ವಿಂಗಡಿಸಿದವು. ಎರಡನೆಯದಕ್ಕೆ ಮನೆಯ ಹಣ ಹೋಗಿದ್ದರೆ ಗಳಿಕೆಯೂ ಮನೆಗೇ. 1860ರ ದಶಕದಲ್ಲಿ ಮದರಾಸು ಹೈಕೋರ್ಟು ಇದೇ ತರ್ಕವನ್ನು ನರ್ತಕಿಯೊಬ್ಬಳ ಸಂಪಾದನೆಗೂ ಅನ್ವಯಿಸಿತು.

ವಿದ್ಯಾವಂತರಿಗೆ ಇದು ನುಂಗಲಾರದ ತುತ್ತಾಯಿತು. 1890ರ ದಶಕದಲ್ಲಿ ಮದರಾಸಿನ ವಿ. ಭಾಷ್ಯಂ ಅಯ್ಯಂಗಾರರು ಕಾನೂನು ತಿದ್ದಲು ನಡೆಸಿದ ಪ್ರಯತ್ನ ಕೈಗೂಡಲಿಲ್ಲ. 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪು ಎಲ್ಲರನ್ನೂ ಬೆಚ್ಚಿಬೀಳಿಸಿತು. ಕುಟುಂಬದ ಹಣದಲ್ಲಿ ಇಂಗ್ಲೆಂಡಿನಲ್ಲಿ ಓದಿ ಐಸಿಎಸ್ ಸೇರಿದವನ ಸಂಬಳವೂ ಒಟ್ಟುಕುಟುಂಬದ ಸೊತ್ತೇ ಎಂದಿತು ಅದು. ಕೊನೆಗೆ ಎಂ.ಆರ್. ಜಯಕರ್ ಅವರ ಪ್ರಯತ್ನದಿಂದ 1930ರಲ್ಲಿ ಹಿಂದೂ ವಿದ್ಯಾರ್ಜಿತ ಗಳಿಕೆ ಕಾಯ್ದೆ ಬಂತು. ಓದಿಸಿದವರು ಯಾರೇ ಇರಲಿ, ಓದುವಾಗ ಅನ್ನ ಹಾಕಿದವರು ಯಾರೇ ಇರಲಿ, ವಿದ್ಯೆಯ ಗಳಿಕೆ ಗಳಿಸಿದವನದೇ ಎಂದು ಆ ಪುಟ್ಟ ಕಾಯ್ದೆ ಸಾರಿತು.

ಹಾಗಾದರೆ ತೀರ್ಪು ಕೊಟ್ಟವರ ನಾಡಿನಲ್ಲಿ ದುಡಿದವರಿಗೇ ದುಡಿಮೆ ಸೇರುತ್ತಿತ್ತೇ? ಗಂಡಸಾದರೆ ಹೌದು. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ಗಿರಣಿಯಲ್ಲಿ ದುಡಿದು ತಂದ ಕೂಲಿ 1870ರವರೆಗೆ ಕಾನೂನಿನ ಕಣ್ಣಲ್ಲಿ ಗಂಡನದು. ಆ ವರ್ಷದ ಕಾಯ್ದೆ ಕೂಲಿಯನ್ನು ಅವಳಿಗೆ ಬಿಟ್ಟುಕೊಟ್ಟಿತು; ಉಳಿದ ಆಸ್ತಿಗೆ 1882ರವರೆಗೆ ಕಾಯಬೇಕಾಯಿತು. ವ್ಯಕ್ತಿಸ್ವಾತಂತ್ರ್ಯದ ಘೋಷಣೆ ಮೊಳಗಿಸಿದ ಫ್ರಾನ್ಸಿನಲ್ಲಂತೂ ಹೆಂಡತಿ ಗಂಡನ ಒಪ್ಪಿಗೆಯಿಲ್ಲದೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು 1965ರ ಸುಧಾರಣೆಯೇ ಬೇಕಾಯಿತು. ಅಲ್ಲಿ ‘ವ್ಯಕ್ತಿ’ ಎಂದರೆ ಬಹುಕಾಲ ಮನೆಯ ಯಜಮಾನ ಮಾತ್ರ. ಇಲ್ಲಿ ‘ಕುಟುಂಬ’ ಎಂಬುದರಲ್ಲೂ ಹೆಣ್ಣುಮಕ್ಕಳು ಪಾಲುದಾರರಾಗಿರಲಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಬಂದದ್ದು ಕರ್ನಾಟಕದಲ್ಲಿ 1994ರಲ್ಲಿ, ಕೇಂದ್ರದ ಕಾನೂನಿನಿಂದ 2005ರಲ್ಲಿ.

ವಿಜ್ಞಾನೇಶ್ವರನ ಕುಟುಂಬ ಹಾಗೆಂದು ಮಾಯವಾಗಿಲ್ಲ. ಆದಾಯ ತೆರಿಗೆ ಇಲಾಖೆ ‘ಹಿಂದೂ ಅವಿಭಕ್ತ ಕುಟುಂಬ’ವನ್ನು ಇಂದಿಗೂ ಪ್ರತ್ಯೇಕ ತೆರಿಗೆದಾರನೆಂದೇ ಎಣಿಸುತ್ತದೆ, ಅದಕ್ಕೆ ಬೇರೆ ಪ್ಯಾನ್ ಸಂಖ್ಯೆ ಕೊಡುತ್ತದೆ. ಬೆಂಗಳೂರಿನ ಕಚೇರಿಯೊಂದರಲ್ಲಿ ದುಡಿಯುವ ಕುಟುಂಬದ ಯಜಮಾನ ತನ್ನ ಸಂಬಳಕ್ಕೆ ಒಂದು ಲೆಕ್ಕ, ಪೂರ್ವಜರ ಕಟ್ಟಡದ ಬಾಡಿಗೆಗೆ ಕುಟುಂಬದ ಹೆಸರಿನಲ್ಲಿ ಇನ್ನೊಂದು ಲೆಕ್ಕ ಸಲ್ಲಿಸುತ್ತಾನೆ. ಎರಡಕ್ಕೂ ಸಹಿ ಅವನದೇ.