ಶಿಕ್ಷಕರ ಆಯ್ಕೆಯಲ್ಲಿ ಸಂದರ್ಶನ: ವಿವೇಚನೆ, ಅಂಕ ಮತ್ತು ದಾಖಲೆ

ಶಾಲಾ ಶಿಕ್ಷಕರನ್ನು ಆರಿಸುವವರು ಅಭ್ಯರ್ಥಿಯಲ್ಲಿ ಎರಡು ಅರ್ಹತೆಗಳನ್ನು ಗುರುತಿಸಬೇಕಾಗುತ್ತದೆ. ಒಂದು ವಿಷಯಜ್ಞಾನ, ಇನ್ನೊಂದು, ಆ ಜ್ಞಾನವನ್ನು ಮಕ್ಕಳಿಗೆ ತಲುಪಿಸುವ ಶಕ್ತಿ. ಮೊದಲನೆಯದನ್ನು ಲಿಖಿತ ಪರೀಕ್ಷೆ ಅಳೆಯಬಲ್ಲದು. ಎರಡನೆಯದಕ್ಕೆ ಅಭ್ಯರ್ಥಿಯ ಮಾತು, ಸಹನೆ ಮತ್ತು ಪ್ರಸಂಗಾವಧಾನಗಳನ್ನು ಪ್ರತ್ಯಕ್ಷವಾಗಿ ಕಾಣಬೇಕು. ಸಂದರ್ಶನ ಪದ್ಧತಿಗೆ ಇದೇ ಮೂಲ ಸಮರ್ಥನೆ. ಆದರೂ ಸರ್ಕಾರಿ ಆಯ್ಕೆಗಳಲ್ಲಿ ಈ ಪದ್ಧತಿ ಕ್ರಮೇಣ ವಿಶ್ವಾಸ ಕಳೆದುಕೊಂಡಿತು. ಅದರ ಕಾರಣವನ್ನು ಮೌಖಿಕ ಪರೀಕ್ಷೆಯ ಸ್ವರೂಪಕ್ಕಿಂತ ಹೆಚ್ಚಾಗಿ, ಅಲ್ಲಿ ನೀಡಿದ ಅಂಕಗಳಿಗೆ ಪರಿಶೀಲಿಸಬಹುದಾದ ದಾಖಲೆ ಉಳಿಯದೆ ಹೋದುದರಲ್ಲಿ ಅರಸಬೇಕು.

ಸಂದರ್ಶನದ ಅಂಕಗಳನ್ನು ಕುರಿತ ನ್ಯಾಯಾಂಗ ಚರ್ಚೆಯ ಒಂದು ಆರಂಭಿಕ ಅಧ್ಯಾಯ ಮೈಸೂರು ರಾಜ್ಯಕ್ಕೇ ಸೇರಿದುದು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂಬಂಧಿಸಿದ ಚಿತ್ರಲೇಖಾ ಪ್ರಕರಣದಲ್ಲಿ (1964) ಸರ್ವೋಚ್ಚ ನ್ಯಾಯಾಲಯವು ರಾಜ್ಯ ಸರ್ಕಾರದ ಸಂದರ್ಶನ ಕ್ರಮವನ್ನು ಎತ್ತಿಹಿಡಿಯಿತು. ದುರುಪಯೋಗಕ್ಕೆ ಅವಕಾಶವಿದೆ ಎಂಬ ಮಾತ್ರಕ್ಕೆ ಒಂದು ಪದ್ಧತಿ ಅಸಿಂಧುವಾಗದು ಎಂಬುದು ಬಹುಮತದ ನಿಲುವಾಗಿತ್ತು. ಮುಂದೆ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದ ತೀರ್ಪು (1980) ಬೇರೆ ದಿಕ್ಕು ಹಿಡಿಯಿತು. ಅಲ್ಲಿ ಲಿಖಿತ ಪರೀಕ್ಷೆಗೆ 100 ಅಂಕಗಳಿದ್ದರೆ ಸಂದರ್ಶನಕ್ಕೆ 50 ಅಂಕಗಳಿದ್ದವು. ಪ್ರತಿ ಅಭ್ಯರ್ಥಿಗೆ ದೊರೆತ ಸಮಯ ಎರಡು ಮೂರು ನಿಮಿಷವಷ್ಟೇ ಎಂಬ ದೂರೂ ಇತ್ತು. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಮೀಸಲಿಡುವುದು ಸ್ವೇಚ್ಛೆಯಾಗುತ್ತದೆಂದು ನ್ಯಾಯಾಲಯ ಹೇಳಿತು. ಅದೇ ತೀರ್ಪು ಸಂದರ್ಶನವನ್ನು ಧ್ವನಿಮುದ್ರಿಸುವುದು ಅಪೇಕ್ಷಣೀಯವೆಂದೂ ಸೂಚಿಸಿತು. ನಂತರದ ಚರ್ಚೆಗಳಲ್ಲಿ ಶೇಕಡಾವಾರು ಮಿತಿಗೆ ದೊರೆತ ಪ್ರಾಶಸ್ತ್ಯ ಈ ಸಲಹೆಗೆ ದೊರೆಯಲಿಲ್ಲ. ಹರಿಯಾಣದ ನಾಗರಿಕ ಸೇವಾ ಆಯ್ಕೆಗೆ ಸಂಬಂಧಿಸಿದ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ (1985) ಸಾಮಾನ್ಯ ಅಭ್ಯರ್ಥಿಗಳ ಸಂದರ್ಶನಾಂಕದ ಪ್ರಮಾಣವನ್ನು ಶೇ. 22.2ರಿಂದ ಶೇ. 12.2ಕ್ಕೆ ಇಳಿಸಬೇಕೆಂಬ ತೀರ್ಪು ಬಂದಿತು.

ಮಿತಿಯೊಂದೇ ರಕ್ಷಣೆಯಾಗದು ಎಂಬುದನ್ನು ಅದೇ ಹರಿಯಾಣದ ಪ್ರಾಥಮಿಕ ಶಿಕ್ಷಕರ ನೇಮಕಾತಿ ಸ್ಪಷ್ಟಪಡಿಸಿತು. 1999-2000ರಲ್ಲಿ 3,206 ಶಿಕ್ಷಕರ ಆಯ್ಕೆ ನಡೆದಾಗ, ಜಿಲ್ಲಾ ಸಮಿತಿಗಳು ಸಿದ್ಧಪಡಿಸಿದ್ದ ಮೂಲ ಪಟ್ಟಿಗಳ ಸ್ಥಾನದಲ್ಲಿ ತಿದ್ದಿದ ಸಂದರ್ಶನಾಂಕಗಳ ಬೇರೆ ಪಟ್ಟಿಗಳನ್ನು ಇರಿಸಲಾಯಿತು ಎಂದು ವಿಚಾರಣೆಯಲ್ಲಿ ಸಾಬೀತಾಯಿತು. ಮಾಜಿ ಮುಖ್ಯಮಂತ್ರಿ ಓಂ ಪ್ರಕಾಶ್ ಚೌಟಾಲಾ ಅವರಿಗೆ 2013ರ ಜನವರಿಯಲ್ಲಿ ದೆಹಲಿಯ ವಿಶೇಷ ನ್ಯಾಯಾಲಯವು 10 ವರ್ಷಗಳ ಸೆರೆವಾಸ ವಿಧಿಸಿತು. ಲಿಖಿತ ಉತ್ತರವನ್ನು ಮರುಮೌಲ್ಯಮಾಪನಕ್ಕೆ ಒಳಪಡಿಸಬಹುದು. ಆಡಿದ ಉತ್ತರ ಮಾತಿನೊಡನೆಯೇ ಮುಗಿದುಹೋಗುತ್ತದೆ. ಅದರ ಅಂಕವನ್ನು ತಿದ್ದಿದರೆ ಹೋಲಿಸಿ ನೋಡಲು ಆಧಾರವಿರುವುದಿಲ್ಲ.

ಕರ್ನಾಟಕದಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಎಚ್. ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ನಡೆದ ಬೃಹತ್ ನೇಮಕಾತಿಯು ಅಂಕಗಳ ಅರ್ಹತೆಗೆ ಆದ್ಯತೆ ನೀಡಿತು. ಶಿಫಾರಸು ಮತ್ತು ಲಂಚಗಳಿಗೆ ಎಡೆಯಿಲ್ಲದ ಆಯ್ಕೆಯೆಂದು ಅದು ಇಂದಿಗೂ ಸ್ಮರಣೆಯಲ್ಲಿದೆ. ಪರಿಚಯವಾಗಲಿ ಹಣಬಲವಾಗಲಿ ಇಲ್ಲದ ಹಳ್ಳಿಯ ಅಭ್ಯರ್ಥಿಗೆ ಈ ಬಗೆಯ ಪಾರದರ್ಶಕತೆಯೇ ದೊಡ್ಡ ಭರವಸೆಯಾಗಿತ್ತು. ಮುಂದೆ, 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ, ಅದೇ ವರ್ಷದ ಆಗಸ್ಟ್ 23ರ ಅಧಿಸೂಚನೆಯ ಮೂಲಕ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಒಂದರಿಂದ ಎಂಟನೆಯ ತರಗತಿಗಳ ಶಿಕ್ಷಕರಿಗೆ ಅರ್ಹತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು.

ಆದರೆ ಲಿಖಿತ ಪರೀಕ್ಷೆಯೂ ತಾನಾಗಿಯೇ ನಿಷ್ಕಳಂಕವಾಗದು. ಪಶ್ಚಿಮ ಬಂಗಾಳದ 2016ರ ಶಾಲಾ ಸೇವಾ ಆಯ್ಕೆಯಲ್ಲಿ ಅಕ್ರಮಗಳು ವ್ಯಾಪಕವಾಗಿದ್ದವು. ಮೂಲ ಉತ್ತರ ಹಾಳೆಗಳೂ ಉಳಿದಿರಲಿಲ್ಲ. ಸುಮಾರು 25 ಸಾವಿರ ಶಿಕ್ಷಕ ಮತ್ತು ಸಿಬ್ಬಂದಿ ನೇಮಕಾತಿಗಳ ರದ್ದತಿಯನ್ನು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 3ರಂದು ಎತ್ತಿಹಿಡಿಯಿತು. ದಾಖಲೆ ನಾಶವಾದಾಗ ಪ್ರಾಮಾಣಿಕವಾಗಿ ಆಯ್ಕೆಯಾದವರೂ ದಂಡ ತೆರಬೇಕಾಯಿತೆಂಬುದು ಈ ಪ್ರಕರಣದ ದುರಂತ.

ಇತ್ತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರ ಆಯ್ಕೆಯಲ್ಲಿ ತರಗತಿ ಪ್ರಾತ್ಯಕ್ಷಿಕೆ ಅಥವಾ ಸಂದರ್ಶನ ಇರಬೇಕೆಂದೂ, ಸ್ಥಳೀಯ ಭಾಷೆಯಲ್ಲಿ ಬೋಧಿಸುವ ಸಾಮರ್ಥ್ಯವನ್ನು ಸಂದರ್ಶನದಲ್ಲಿ ಪರಿಶೀಲಿಸಬೇಕೆಂದೂ ಹೇಳಿದೆ. ಬೋಧನಾ ಕೌಶಲವನ್ನು ಕಣ್ಣಾರೆ ಕಾಣಬೇಕೆಂಬ ಹಳೆಯ ಅಗತ್ಯ ಹೀಗೆ ಮತ್ತೆ ಮುಂದೆ ಬಂದಿದೆ. ಪ್ರಾತ್ಯಕ್ಷಿಕೆಯ ಮುದ್ರಣ, ಸಮಿತಿಯ ಪ್ರತಿ ಸದಸ್ಯರೂ ಪ್ರತ್ಯೇಕವಾಗಿ ಬರೆದಿಟ್ಟ ಅಂಕ ಮತ್ತು ಅಂಕಕ್ಕೆ ಕೊಟ್ಟ ಕಾರಣ, ಇವುಗಳನ್ನು ಕಾಪಿಡುವ ವ್ಯವಸ್ಥೆ ಇಲ್ಲದೆ ಸಂದರ್ಶನ ಮರಳಿದರೆ ಹರಿಯಾಣದ ಅನುಭವ ಪುನರಾವರ್ತನೆಯಾಗುವ ಸಂಭವವಿದೆ. 1980ರ ತೀರ್ಪಿನಲ್ಲಿದ್ದ ಧ್ವನಿಮುದ್ರಣದ ಸಲಹೆಯು ಈ ಕಾರಣದಿಂದಲೇ ಮರುಪರಿಶೀಲನೆಗೆ ಅರ್ಹವಾಗಿದೆ.